ಬ್ಯಾಂಡ್‌ಸೆಟ್ಟಿನ ಹಾದಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮದುವೆಗಳಲ್ಲಿ ನುಡಿಸುವವರು ಎರಡು ಬಗೆ. ಒಂದು ವಾಲಗದವರು, ಇನ್ನೊಂದು ಬ್ಯಾಂಡ್‌ಸೆಟ್ಟಿನವರು. ವಾಲಗದವರಿಗೆ ಚಪ್ಪರದೊಳಗೆ ಜಮಖಾನದ ಮೇಲೆ ಜಾಗ ಉಂಟು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ ‘ಗಟ್ಟಿಮೇಳ’ ಎಂದರೆ ಮದುವೆಮನೆಯೆಲ್ಲ ಒಂದು ಕ್ಷಣ ಅವರನ್ನೇ ನಂಬಿ ನಿಲ್ಲುತ್ತದೆ. ಬ್ಯಾಂಡ್‌ಸೆಟ್ಟಿನವರದು ಬೀದಿಯ ಕೆಲಸ. ಹಿಂದಿನ ರಾತ್ರಿ ಗಂಡಿನ ಮೆರವಣಿಗೆಯ ಮುಂದೆ ನಡೆಯಬೇಕು, ಗ್ಯಾಸ್‌ಲೈಟು ಹೊತ್ತವರ ನಡುವೆ ಬೆವರಬೇಕು, ಛತ್ರದ ಬಾಗಿಲಲ್ಲಿ ಕೊನೆಯ ಹಾಡು ನುಡಿಸಿ ಅಲ್ಲೇ ನಿಂತುಬಿಡಬೇಕು. ಒಳಗೆ ಊಟ ಮುಗಿದ ಮೇಲೆ ಯಾರಾದರೂ ನೆನಪಿಸಿಕೊಂಡು ‘ಬ್ಯಾಂಡಿನೋರ್ಗ ಎಲೆ ಹಾಕ್ರಪ್ಪ’ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಂಪು ಕೋಟು, ಭುಜದ ಮೇಲೆ ಹಳದಿ ಕುಚ್ಚು, ತಲೆಗೆ ಗರಿಯ ಟೋಪಿ, ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಚಿಕ್ಕಂದಿನಲ್ಲಿ ನನಗೆ ಮದುಮಗನ ಸೂಟಿಗಿಂತ ಆ ಕೋಟಿನ ಮೇಲೆಯೇ ಹೆಚ್ಚು ಆಸೆಯಿತ್ತು.

ಆ ಕೋಟು ಸಿಪಾಯಿಯ ಕೋಟು ಎಂಬುದು ಇತಿಹಾಸದ ಪಾಠ ಹೇಳಲು ನಿಂತ ಮೇಲೆ ನನಗೆ ಹೊಳೆದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ದಂಡು 1809ರಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿ ಕಂಟೋನ್ಮೆಂಟ್ ಆಯಿತು. ದಂಡಿದ್ದ ಕಡೆ ದಂಡಿನ ಬ್ಯಾಂಡು. ತುತ್ತೂರಿ, ಕ್ಲಾರಿಯೋನೆಟ್, ದೊಡ್ಡ ಡ್ರಮ್, ಸೈಡ್ ಡ್ರಮ್, ಹಿತ್ತಾಳೆಯ ತಾಳ. ಸಿಪಾಯಿಗಳ ಕಾಲು ಒಟ್ಟಿಗೆ ಬೀಳಲೆಂದು ಹುಟ್ಟಿದ ಈ ಸಂಗೀತ ಮೆಲ್ಲಗೆ ಅರಮನೆಗೆ ಬಂತು, ಅರಮನೆಯಿಂದ ಪೇಟೆಗೆ, ಪೇಟೆಯಿಂದ ಹಳ್ಳಿಯ ಮದುವೆಗೆ. ಸೀಮೆ ಬಟ್ಟೆ, ಸೀಮೆಎಣ್ಣೆ ಬಂದ ದಾರಿಯೂ ಹೆಚ್ಚುಕಡಿಮೆ ಇದೇ.

ಅರಮನೆಯ ಪದಾರ್ಥಗಳು ಇಳಿದು ಬರುವುದಕ್ಕೆ ನಮ್ಮ ಸೀಮೆ ತಕ್ಕದ್ದಾಗಿತ್ತು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿ. ಮಗ ತಂದೆಯ ನೆನಪಿಗೆ 1818ರಲ್ಲಿ ಊರಿನ ಹೆಸರನ್ನೇ ಬದಲಿಸಿದರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಗುಂಡ್ಲುಪೇಟೆಯಾದರೋ ಊಟಿ ರಸ್ತೆಯ ಮೇಲೆ ಕೂತಿದೆ. ಬೇಸಿಗೆ ಬಂತೆಂದರೆ ಮದರಾಸಿನ ಸರ್ಕಾರವೇ ಊಟಿ ಹತ್ತುತ್ತಿದ್ದ ಕಾಲ. ಮೈಸೂರಿನ ಮಹಾರಾಜರಿಗೂ ಅಲ್ಲಿ ಫರ್ನ್‌ಹಿಲ್ ಅರಮನೆ. ಅವರ ಮೋಟಾರುಗಳೆಲ್ಲ ನಮ್ಮೂರ ಧೂಳೆಬ್ಬಿಸಿಕೊಂಡೇ ಬಂಡೀಪುರದ ಕಾಡು ಹೊಕ್ಕಬೇಕು. ಊಟಿಯ ಬಂಗಲೆಗಳಲ್ಲಿ ಸಂಜೆ ಗ್ರಾಮಫೋನ್ ಹಾಕಿ ಕುಣಿಯುತ್ತಿದ್ದ ಜನಕ್ಕೂ ನಮ್ಮ ಸಂತೆಗೆ ಬರುತ್ತಿದ್ದ ಜನಕ್ಕೂ ನಡುವೆ ಇದ್ದದ್ದು ಒಂದು ಕಾಡು, ಒಂದು ಘಟ್ಟ, ಅಷ್ಟೆ.

ಮೈಸೂರು ಅರಮನೆಯ ವಾದ್ಯವೃಂದದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಯಾಕೆಂದರೆ ಆಸ್ಥಾನ ವಿದ್ವಾಂಸರ ಬಗ್ಗೆ ನಮ್ಮಲ್ಲಿ ಪುಸ್ತಕಗಳ ಮೇಲೆ ಪುಸ್ತಕ ಬಂದಿವೆ. ಕೋಟು ತೊಟ್ಟು ಊದಿದವರ ಬಗ್ಗೆ ಬರೆದವರು ಕಡಮೆ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಮೃದಂಗ, ನಾಗಸ್ವರಗಳ ಜೊತೆಗೆ ಪಿಯಾನೋ, ಸ್ಯಾಕ್ಸೋಫೋನ್‌ಗಳನ್ನೂ ನುಡಿಸಬಲ್ಲವರಾಗಿದ್ದರು. ಅವರ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ. ಕರ್ನಾಟಕ ಬ್ಯಾಂಡಿನವರು ಪಾಶ್ಚಾತ್ಯ ವಾದ್ಯಗಳಲ್ಲೇ ನಮ್ಮ ಕೃತಿಗಳನ್ನು ನುಡಿಸುವರು. ಜರ್ಮನಿಯ ಆಟೋ ಷ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನು ನಡೆಸುತ್ತಿದ್ದರು. ಹೆಗ್ಗಡದೇವನಕೋಟೆಯ ಕಡೆಯಿಂದ ಬಂದ ವೀಣೆ ವೆಂಕಟಗಿರಿಯಪ್ಪನವರು ನಗ್ಮಾ ಎಂಬ ಮಾತಿಲ್ಲದ ಬಂಧಗಳನ್ನು ರಚಿಸಿದರು. ನಾಲ್ವಡಿಯವರ ನಂತರ ಬಂದ ಜಯಚಾಮರಾಜ ಒಡೆಯರು ಇನ್ನೂ ಒಂದು ಹೆಜ್ಜೆ ಮುಂದೆ. ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್‌ನರ್ ಎಂಬ ರಷ್ಯದ ಸಂಗೀತಗಾರನ ಕೃತಿಗಳನ್ನು ಮುದ್ರಿಸಲು 1940ರ ದಶಕದ ಕೊನೆಯಲ್ಲಿ ಮೈಸೂರಿನಿಂದ ಹಣ ಕಳುಹಿಸಿದರು. ಆತ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. ಅದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದನ್ನೂ ಮರೆಯಬಾರದು.

ಇದೆಲ್ಲ ಮೇಲಿನ ಸಂಗತಿ. ಕೆಳಗೆ ಏನಾಯಿತು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ದಕ್ಷಿಣ ಕನ್ನಡದ್ದು. ಬಂಟ್ವಾಳದ ಹತ್ತಿರ ನಾಗಸ್ವರ ನುಡಿಸುವ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಬಾಗಿದ ಸೊಂಡಿಲಿನಂಥ ಒಂದು ವಾದ್ಯ ಕಂಡ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಮಾಡಿಸಿದ ಸ್ಯಾಕ್ಸೋಫೋನ್ ಅದು. ಹುಡುಗ ಆಮೇಲೆ ಕದ್ರಿ ಗೋಪಾಲನಾಥ್ ಎಂದು ಹೆಸರಾದ. ಗಮಕಕ್ಕೆ ಒಗ್ಗದ ವಾದ್ಯವನ್ನು ತಿದ್ದಿ ತೀಡಿ ಒಗ್ಗಿಸಿಕೊಳ್ಳಲು ಅವರಿಗೆ ವರ್ಷಗಟ್ಟಲೆ ಹಿಡಿಯಿತು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್‌ಕಾರ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಲೇ ಎಂದು ಕೇಳಿ ವೇದಿಕೆ ಏರಿದ. 1994ರಲ್ಲಿ ಕದ್ರಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು. 2008ರಲ್ಲಿ ಅಮೆರಿಕದಲ್ಲಿ ಬೆಳೆದ ಕನ್ನಡಿಗರ ಮನೆಯ ಮಗ, ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಡನೆ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ತಂದರು. ಹೆಸರಿನ ಅರ್ಥ ದಾಯಾದಿಗಳು ಎಂದೋ ನೆಂಟರು ಎಂದೋ ಹೇಳಿಕೊಳ್ಳಬಹುದು. ನಮ್ಮ ಕಡೆ ಎರಡಕ್ಕೂ ಬಹಳ ವ್ಯತ್ಯಾಸ ಉಂಟು! 2019ರ ಅಕ್ಟೋಬರಿನಲ್ಲಿ ಗೋಪಾಲನಾಥರು ತೀರಿಕೊಂಡರು.

ಜಾಜ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಹೀಗೆ, ಕದ್ರಿಯವರ ಬೆನ್ನು ಹತ್ತಿ. ಹುಡುಕಿ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಸ್ವರಗಳಿಗಿಂತ ಅದರ ಹುಟ್ಟೂರಿನ ಕತೆ. ಅಮೆರಿಕದ ತೆಂಕಣ ತುದಿಯಲ್ಲಿ ಮಿಸಿಸಿಪ್ಪಿ ನದಿಯ ದಡದ ನ್ಯೂ ಆರ್ಲಿಯನ್ಸ್. ಅಲ್ಲಿ ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಭಾನುವಾರದ ಬಿಡುವಿನಲ್ಲಿ ಗುಲಾಮರು ಸೇರಿ ತಮ್ಮ ತಮಟೆ ಬಡಿದು ಕುಣಿಯುತ್ತಿದ್ದರು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ದಂಡಿನ ಬ್ಯಾಂಡಿನ ವಾದ್ಯಗಳು ಕಪ್ಪು ಜನರ ಕೈಗೆ ಸಿಕ್ಕವು. ಊರಿನಲ್ಲಿ ಹೆಜ್ಜೆಗೊಂದು ಬ್ಯಾಂಡು. ಮೆರವಣಿಗೆಗೂ ಅವರೇ, ಸಾವಿಗೂ ಅವರೇ. ಹಗಲು ಒಬ್ಬ ಗಾರೆ ಮೆತ್ತುವನು, ಒಬ್ಬ ಚುಟ್ಟಾ ಸುತ್ತುವನು. ಸಂಜೆ ಕೋಟು ತೊಟ್ಟರೆ ಬ್ಯಾಂಡಿನವನು. ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಬಡಹುಡುಗ 1912ರ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಪೊಲೀಸರ ಕೈಗೆ ಸಿಕ್ಕಿ, ಹುಡುಗರನ್ನು ಕೂಡಿಹಾಕುವ ಆಶ್ರಮಕ್ಕೆ ಹೋದ. ಅಲ್ಲಿನ ಬ್ಯಾಂಡಿನಲ್ಲಿ ಅವನ ಕೈಗೆ ಕಾರ್ನೆಟ್ ಕೊಟ್ಟರು. ಜಾಜ್ ಇತಿಹಾಸ ಬದಲಾದದ್ದು ಆ ಆಶ್ರಮದ ಅಂಗಳದಲ್ಲಿ ಎಂದರೆ ಹೆಚ್ಚಿನ ಮಾತಲ್ಲ.

ಇನ್ನೊಂದು ಸಂಗತಿ. ಅದೇ ಊರಿನಲ್ಲಿ ಕ್ರಿಯೋಲ್ ಎಂಬ ಮಿಶ್ರ ಕುಲದವರಿದ್ದರು. ಫ್ರೆಂಚ್ ನುಡಿ, ಬರೆದ ಸಂಗೀತ ಓದುವ ಶಿಕ್ಷಣ, ಒಂದಿಷ್ಟು ಮರ್ಯಾದೆ. ಅವರಲ್ಲಿ ಹೋಮರ್ ಪ್ಲೆಸಿ ಎಂಬ ಚಮ್ಮಾರಿಕೆಯವನು 1892ರಲ್ಲಿ ಬಿಳಿಯರ ರೈಲುಡಬ್ಬಿಯಲ್ಲಿ ಬೇಕೆಂದೇ ಕೂತು ಬಂಧನಕ್ಕೊಳಗಾದ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1896ರಲ್ಲಿ ‘ಬೇರೆ ಬೇರೆ ಇಡುವುದು ನ್ಯಾಯವೇ’ ಎಂಬ ತೀರ್ಪು ಬಂತು. ಹೀಗೆ ಅರೆಬಿಳಿಯರೂ ಕಪ್ಪಿನ ಕಡೆಗೇ ನೂಕಲ್ಪಟ್ಟರು. ಹಾಳೆ ನೋಡಿ ನುಡಿಸುವವನೂ ಕಿವಿಯಿಂದ ನುಡಿಸುವವನೂ ಹೊಟ್ಟೆಪಾಡಿಗೆ ಒಂದೇ ಬ್ಯಾಂಡಿನಲ್ಲಿ ನಿಲ್ಲಬೇಕಾಯಿತು. ಆ ಒತ್ತಾಯದ ಕೂಡಾಟದಿಂದಲೂ ಜಾಜ್ ಹುಟ್ಟಿತೆಂದು ಬಲ್ಲವರು ಹೇಳುತ್ತಾರೆ. ಆಮೇಲೆ 1927ರಿಂದ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಡ್ಯೂಕ್ ಎಲಿಂಗ್ಟನ್ನನ ಕಪ್ಪು ಬ್ಯಾಂಡು ನುಡಿಸುತ್ತಿತ್ತು, ಕೂತು ಕೇಳುವ ಹಕ್ಕು ಬಿಳಿಯರಿಗೆ ಮಾತ್ರವಿತ್ತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಛತ್ರದ ಬಾಗಿಲಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಂಡ್ಲುಪೇಟೆಯಲ್ಲಿ ನನಗೆ ಪರಿಚಯದ ಒಬ್ಬ ಕ್ಲಾರಿಯೋನೆಟ್ ಮಾಸ್ಟರ್ ಇದ್ದರು. ವೃತ್ತಿಯಿಂದ ದರ್ಜಿ, ಬ್ಯಾಂಡಿನ ಕೋಟುಗಳನ್ನೂ ಅವರೇ ಹೊಲಿಯುವರು. ತಮಗೆ ಪಾಠ ಹೇಳಿದವರು ಅರಮನೆ ಬ್ಯಾಂಡಿನಿಂದ ನಿವೃತ್ತರಾಗಿ ಬಂದವರೊಬ್ಬರ ಶಿಷ್ಯರೆಂದು ಹೇಳಿಕೊಳ್ಳುವಾಗ ಸ್ವಲ್ಪ ನೆಟ್ಟಗೆ ಕೂರುವರು. ಅವರು ನನ್ನನ್ನು ‘ಮೇಷ್ಟ್ರೇ’ ಎನ್ನುವರು, ನಾನು ಅವರನ್ನು ‘ಮಾಸ್ಟ್ರೇ’ ಎನ್ನುವೆ. ಕೇಳುವವರಿಗೆ ಒಬ್ಬರನ್ನೊಬ್ಬರು ಅಣಕಿಸುತ್ತಿದ್ದೇವೆ ಎನ್ನಿಸಬೇಕು. ಅವರ ಸೆಟ್ಟಿನಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಜನ. ಆಮೇಲೆ ಲಾರಿಯ ಮೇಲೆ ಆಳೆತ್ತರದ ಪೆಟ್ಟಿಗೆ ಪೇರಿಸಿದ ಡಿ.ಜೆ. ಬಂತು. ಹದಿನಾಲ್ಕು ಜನ ಏಳಾದರು, ಏಳು ನಾಲ್ಕಾಯಿತು, ಕೊನೆಗೆ ಡ್ರಮ್ಮುಗಳು ಅಂಗಡಿಯ ಅಟ್ಟ ಹತ್ತಿದವು.

2017ರಲ್ಲಿ, ಅಂದರೆ ಜಾಜ್‌ನ ಮೊದಲ ಗ್ರಾಮಫೋನ್ ತಟ್ಟೆಗೆ ನೂರು ತುಂಬಿದ ವರ್ಷ, ಬೆಂಗಳೂರಿನಲ್ಲಿರುವ ನನ್ನ ಅಳಿಯ ಎರಡು ಟಿಕೆಟ್ಟು ಕಳಿಸಿದ. ಹೊರದೇಶದ ತಂಡವೊಂದು 1920ರ ದಶಕದ ಹಾಡುಗಳನ್ನು ಅಂದಿನ ಪದ್ಧತಿಯಲ್ಲೇ ನುಡಿಸುತ್ತದೆ ಎಂದು. ನಮ್ಮ ಜಿಲ್ಲೆಗೆ ಅದು ಒಳ್ಳೆಯ ವರ್ಷವಾಗಿರಲಿಲ್ಲ. ಫೆಬ್ರವರಿಯಲ್ಲಿ ಯಾರೋ ಕಿಡಿಗೇಡಿ ಚಾಮರಾಜೇಶ್ವರನ ತೇರಿಗೆ ಬೆಂಕಿ ಹಚ್ಚಿದ್ದ. ಬೇರೆಡೆ ಆಷಾಢದಲ್ಲಿ ಹೊಸ ಮದುಮಕ್ಕಳನ್ನು ಅಗಲಿಸಿ ಇಟ್ಟರೆ, ಅದೇ ಆಷಾಢದಲ್ಲಿ ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುವುದು ಈ ತೇರಿನ ವಿಶೇಷ. ಆ ವರ್ಷ ತೇರಿಲ್ಲ. ಮತ್ತೆ ಎಳೆದದ್ದು ಹೊಸ ತೇರು ಆದ ಮೇಲೆ, 2022ರಲ್ಲಿ. ಮದುವೆಯಿಲ್ಲದ ತಿಂಗಳಲ್ಲಿ ವಾದ್ಯದವರಿಗೆ ನಾಲ್ಕು ಕಾಸು ಕೊಡುತ್ತಿದ್ದ ಜಾತ್ರೆ ಅದು. ಮಾಸ್ಟ್ರು ಅದನ್ನೇ ಮಾತಾಡುತ್ತಾ ಬೆಂಗಳೂರು ಬಸ್ಸು ಹತ್ತಿದರು.

ಸಭಾಂಗಣ ತಣ್ಣಗಿತ್ತು, ಕುರ್ಚಿ ಮೆತ್ತಗಿತ್ತು. ಮಾಸ್ಟ್ರು ಚಪ್ಪಲಿ ಬಿಡುವುದೆಲ್ಲಿ ಎಂದು ಕೇಳಿದರು. ವೇದಿಕೆಯ ಮೇಲೆ ಎಂಟು ಜನ: ಕಾರ್ನೆಟ್, ಕ್ಲಾರಿಯೋನೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್, ಪಿಯಾನೋ, ಬ್ಯಾಂಜೋ, ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡ ಟ್ಯೂಬಾ, ಮತ್ತೆ ಡ್ರಮ್. ಮಾತಾಡುವವನ ಮುಂದೆ ಬಿಟ್ಟರೆ ಇನ್ನೆಲ್ಲೂ ಮೈಕಿಲ್ಲ.

‘ಇವ್ರ್ಗ ಮೈಕ್ ಬೇಡ್ವಾ ಮೇಷ್ಟ್ರೇ?’

‘ಆ ಕಾಲದಲ್ಲಿ ಇರಲಿಲ್ಲವಂತೆ.’

‘ನಮ್ಗೂ ಇರ್ನಿಲ್ಲ’ ಎಂದು ಸುಮ್ಮನಾದರು.

ಮೊದಲ ಹಾಡು ನನಗೆ ಬರೀ ಗದ್ದಲವಾಗಿ ಕೇಳಿತು. ಎಲ್ಲರೂ ಒಟ್ಟಿಗೆ ನುಡಿಸುತ್ತಾರೆ, ಒಬ್ಬರಂತೆ ಒಬ್ಬರಿಲ್ಲ. ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ಹಾಗಲ್ಲ. ಹಾಡಿನ ಧಾಟಿ ಒಂದೇ, ಹತ್ತು ಜನ ಊದಿದರೂ ಅದನ್ನೇ ಊದಬೇಕು. ನಾನು ಪುಸ್ತಕ ಓದಿ ಹೋದವನು, ಆದರೂ ದಾರಿ ಸಿಗಲಿಲ್ಲ. ಪುಸ್ತಕ ಓದದ ಮಾಸ್ಟ್ರು ಎರಡನೆಯ ಹಾಡಿನ ನಡುವೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: ‘ಮೂರು ಜನವೂ ಮೂರು ದಾರಿ ಹಿಡ್ದವ್ರ. ಆದ್ರ ಒಂದೇ ಊರ್ಗ ಹೋಯ್ತಾವ್ರ.’

ನ್ಯೂ ಆರ್ಲಿಯನ್ಸ್ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಕಾರ್ನೆಟ್ ಹಾಡಿನ ಧಾಟಿಯನ್ನು ನೇರವಾಗಿ ಹಿಡಿದು ನಡೆಯುತ್ತದೆ. ಕ್ಲಾರಿಯೋನೆಟ್ ಅದರ ತಲೆಯ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಟ್ರಾಂಬೋನ್ ಕೆಳಗೆ ಜಾರುತ್ತಾ ಬುಡ ಕೊಡುತ್ತದೆ. ಬ್ಯಾಂಜೋ, ಟ್ಯೂಬಾ, ಡ್ರಮ್ಮುಗಳದು ತಾಳದ ಕೆಲಸ. ನಮ್ಮ ವಿದ್ವಾಂಸರು ಮನೋಧರ್ಮ ಎನ್ನುವುದನ್ನು ಇಲ್ಲಿ ಮೂವರು ಒಂದೇ ಹೊತ್ತಿನಲ್ಲಿ ಮಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡೇ ತಮ್ಮ ಮಾತು ಆಡಬೇಕು. ಒಬ್ಬನೇ ಮುಂದೆ ಬಂದು ನುಡಿಸುವ ಪದ್ಧತಿ ಬಲವಾದದ್ದು ಆರ್ಮ್‌ಸ್ಟ್ರಾಂಗ್‌ನಿಂದ, 1925ರ ಈಚೆಗೆ. ಅವನ ಹಿರಿಯರದು ಕೂಡುಹಾಡು. ನಮ್ಮ ನೀಲಗಾರರು ಮಂಟೇಸ್ವಾಮಿಯ ಪದ ಹೇಳುವಾಗ ಮುಮ್ಮೇಳದವರು ತಂಬೂರಿ ಮೀಟಿ ಎಸೆದ ಸೊಲ್ಲನ್ನು ಹಿಮ್ಮೇಳ ಹಿಡಿದು ಬೆಳೆಸುತ್ತದಲ್ಲ, ಆ ಜಾತಿಯದು. ಆದರೆ ಎರಡೂ ಒಂದೇ ಎಂದು ಹೇಳುವ ಉತ್ಸಾಹ ನನಗಿಲ್ಲ. ನಮ್ಮವರದು ರಾತ್ರಿಯಿಡೀ ಹರಿಯುವ ಕತೆ. ಅವರದು ಮೂರು ನಿಮಿಷ. ಹತ್ತಿಂಚಿನ ತಟ್ಟೆಯಲ್ಲಿ ಅಷ್ಟೇ ಹಿಡಿಸುತ್ತಿತ್ತು.

ತಾಳದ ವಿಷಯದಲ್ಲಿ ಸಭೆಗೂ ಮಾಸ್ಟ್ರಿಗೂ ಜಗಳವಾಯಿತು. ಸಭೆಯವರು ಉತ್ಸಾಹದಿಂದ ಒಂದು, ಮೂರಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರೆ ಮಾಸ್ಟ್ರು ಎರಡು, ನಾಲ್ಕಕ್ಕೆ ಹೊಡೆದರು. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ನೋಡಿದರು. ವೇದಿಕೆಯ ಡ್ರಮ್ಮಿನವನೂ ನೋಡಿದ, ಕೋಲೆತ್ತಿ ಮಾಸ್ಟ್ರ ಕಡೆ ತೋರಿಸಿ ನಕ್ಕ. ಜಾಜ್‌ನಲ್ಲಿ ಒತ್ತು ಬೀಳುವುದು ಎರಡು, ನಾಲ್ಕರ ಮೇಲೆಯೇ. ಮಾಸ್ಟ್ರು ನಾಚಿಕೊಂಡು ಕೈ ಕಟ್ಟಿ ಕೂತರು, ಆದರೆ ಬೆರಳು ತೊಡೆಯ ಮೇಲೆ ಲೆಕ್ಕ ಹಾಕುತ್ತಲೇ ಇತ್ತು. ವಿರಾಮದಲ್ಲಿ ‘ಅರ್ಧಕ್ಕರ್ಧ ಹಾಡೆಲ್ಲ ಹನ್ನೆರಡ್ಕ ಒಂದ್ಸಲ ಮನಗ ಬತ್ತವ’ ಎಂದರು. ಬ್ಲೂಸ್ ಎಂಬ ಪ್ರಕಾರದ ಹನ್ನೆರಡು ಆವರ್ತದ ಚೌಕಟ್ಟು ಅದು. ಟಿಕೆಟ್ಟಿನ ಜೊತೆ ಕೊಟ್ಟಿದ್ದ ಹಾಳೆಯಲ್ಲಿ ಅದನ್ನು ವಿವರಿಸಲು ಒಂದು ಪುಟ ಖರ್ಚು ಮಾಡಿದ್ದರು.

ಅವರು ಹೆಚ್ಚು ಮನಸ್ಸು ಕೊಟ್ಟದ್ದು ಸಾವಿನ ಮೆರವಣಿಗೆಯ ಸಂಗೀತಕ್ಕೆ. ನ್ಯೂ ಆರ್ಲಿಯನ್ಸಿನಲ್ಲಿ ಹೆಣದ ಮುಂದೆ ಬ್ಯಾಂಡು ನಿಧಾನವಾಗಿ, ಕಾಲೆಳೆದುಕೊಂಡು, ದೇವರ ಹಾಡು ನುಡಿಸುತ್ತಾ ಹೋಗುತ್ತದೆ. ಮಣ್ಣು ಮಾಡಿ ಸ್ಮಶಾನ ಬಿಟ್ಟ ಮೇಲೆ ಡ್ರಮ್ಮಿನವನು ಒಂದು ಉರುಳಿಕೆ ಕೊಡುತ್ತಾನೆ. ಅಲ್ಲಿಂದ ಕುಣಿತದ ಸಂಗೀತ. ಹಿಂದೆ ಬರುವ ಜನ ಕೊಡೆ, ಕರವಸ್ತ್ರ ಎತ್ತಿ ಕುಣಿಯುತ್ತಾ ಮನೆಗೆ ಬರುತ್ತಾರೆ. ವೇದಿಕೆಯ ಮೇಲೆ ಎಂಟೂ ಜನ ಅದನ್ನು ನುಡಿಸಿ ತೋರಿಸಿದರು. ನನ್ನ ಪಕ್ಕದಲ್ಲಿದ್ದ ತರುಣ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಮಾಸ್ಟ್ರು ಎದ್ದು ನಿಂತರು. ಹಿಂದಿನವರು ಕೂರಿ ಎಂದರು, ಅವರಿಗೆ ಕೇಳಿಸಲಿಲ್ಲ. ಮುಗಿದ ಮೇಲೆ ಕೂತು ಹೇಳಿದರು: ‘ಹೋಗೋವಾಗ ಅಳ್ಸದು, ಬರೋವಾಗ ಕುಣ್ಸದು. ನಾವು ಹೋಗೋವಾಗ್ಲೇ ಕುಣುಸ್ತೀವಿ. ಅವ್ರ್ದೇ ಸರಿ ಅನ್ಸ್ತದ.’

ಜಾಜ್ ಭಾರತಕ್ಕೆ ಬಂದ ಕತೆಯನ್ನು ಮರುದಾರಿಯ ಬಸ್ಸಿನಲ್ಲಿ ಅವರಿಗೆ ಹೇಳಿದೆ. 1935ರಲ್ಲಿ ಲಿಯಾನ್ ಆಬಿ ಎಂಬ ಕಪ್ಪು ಪಿಟೀಲುಗಾರ ತನ್ನ ಬ್ಯಾಂಡಿನೊಡನೆ ಮುಂಬಯಿಯ ತಾಜ್ ಹೋಟೆಲಿಗೆ ಬಂದ. ಟೆಡಿ ವೆದರ್‌ಫರ್ಡ್ ಎಂಬ ಪಿಯಾನೋಗಾರ ಇಲ್ಲೇ ನೆಲೆನಿಂತು 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡ. ಅವರಿಂದ ಕಲಿತ ಗೋವೆಯ ವಾದಕರು ಹಗಲು ಮುಂಬಯಿಯ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸಿದರು. ಚಿಕ್ ಚಾಕೊಲೆಟ್ ಎಂದು ಹೆಸರಾದವರು ‘ಅಲ್‌ಬೇಲಾ’ ಚಿತ್ರದ ಹಾಡುಗಳಿಗೆ ಕಹಳೆ ಊದಿದ್ದು 1951ರಲ್ಲಿ. ಆ ಧಾಟಿ ದಕ್ಷಿಣದ ಸಿನಿಮಾಕ್ಕೂ ಇಳಿಯಿತು. ನಮ್ಮ ಗಡಿಯಾಚೆಯ ಗಾಜನೂರಿನ ರಾಜಕುಮಾರ್ 1968ರ ‘ಜೇಡರ ಬಲೆ’ಯಲ್ಲಿ ಪತ್ತೇದಾರನಾಗಿ ಸೂಟು ತೊಟ್ಟಾಗ ಜಿ.ಕೆ. ವೆಂಕಟೇಶ್ ಹಿತ್ತಾಳೆ ವಾದ್ಯಗಳನ್ನೇ ಹಿಂದೆ ನಿಲ್ಲಿಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರ ಕರ್ನಾಟಕ ತಾಳವಾದ್ಯ ಕಾಲೇಜಿನವರು ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೋಫೋನ್‌ಕಾರನೊಂದಿಗೆ ‘ಜ್ಯೋತಿ’ ಎಂಬ ಮುದ್ರಿಕೆ ತಂದರು, 1983ರಲ್ಲಿ, ಹಾಡಿದವರು ಆರ್.ಎ. ರಮಾಮಣಿ. ಮಾಸ್ಟ್ರಿಗೆ ಇವುಗಳಲ್ಲಿ ರುಚಿಸಿದ್ದು ‘ಜೇಡರ ಬಲೆ’ ಒಂದೇ. ತಾವು ಮದುವೆ ಮೆರವಣಿಗೆಯಲ್ಲಿ ವರ್ಷಗಟ್ಟಲೆ ನುಡಿಸಿದ್ದು ಅಂಥ ಹಾಡುಗಳನ್ನೇ ಎಂದರು. ಹಾಗಾದರೆ ನ್ಯೂ ಆರ್ಲಿಯನ್ಸಿನ ಸರಕು ಮುಂಬಯಿ, ಮದರಾಸು ಸುತ್ತಿ ಗುಂಡ್ಲುಪೇಟೆಯ ಮಡಹಳ್ಳಿ ಸರ್ಕಲ್ಲಿಗೆ ಮುಂಚೆಯೇ ಬಂದಿತ್ತು. ಯಾರ ಮನೆಯ ಸಾಮಾನೆಂದು ಹೊತ್ತವರಿಗೆ ಗೊತ್ತಿರಲಿಲ್ಲ.

ಬಡಿ ಬೋಲ್ಡನ್‌ನ ಸಂಗತಿ ಹೇಳಿದ್ದೇ ಅವರು ಗಂಭೀರರಾದರು. 1877ರಲ್ಲಿ ಹುಟ್ಟಿದ ಈ ಕಾರ್ನೆಟ್‌ಕಾರನನ್ನು ಜಾಜ್‌ನ ಆದಿಪುರುಷ ಎನ್ನುವವರಿದ್ದಾರೆ. ಅವನ ಊದಿನ ಸದ್ದು ಮೈಲಿಗಟ್ಟಲೆ ಕೇಳುತ್ತಿತ್ತೆಂದು ಪ್ರತೀತಿ. 1907ರಲ್ಲಿ ಬುದ್ಧಿ ಕೆಟ್ಟು ಹುಚ್ಚಾಸ್ಪತ್ರೆ ಸೇರಿದವನು 1931ರಲ್ಲಿ ಅಲ್ಲೇ ಸತ್ತ. ಅವನು ನುಡಿಸಿದ ಒಂದೇ ಒಂದು ಸ್ವರವೂ ಉಳಿದಿಲ್ಲ. ಮೇಣದ ಸಿಲಿಂಡರಿನಲ್ಲಿ ಒಮ್ಮೆ ಹಿಡಿದಿದ್ದರೆಂದು ಹೇಳುತ್ತಾರೆ, ಅದು ಸಿಕ್ಕಿಲ್ಲ. ಫ್ರೆಡಿ ಕೆಪ್ಪರ್ಡ್ ಎಂಬ ಇನ್ನೊಬ್ಬ, ತನ್ನ ಬೆರಳಾಟವನ್ನು ಯಾರೂ ಕದಿಯದಿರಲೆಂದು ಕೈಗೆ ಕರವಸ್ತ್ರ ಮುಚ್ಚಿ ನುಡಿಸುತ್ತಿದ್ದನಂತೆ. ಕಂಪನಿಯವರು ರೆಕಾರ್ಡು ಮಾಡುವೆವೆಂದು ಬಂದಾಗ ಅದೇ ಭಯಕ್ಕೆ ಒಲ್ಲೆನೆಂದನಂತೆ. ಕೊನೆಗೆ 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಮೊದಲ ಜಾಜ್ ತಟ್ಟೆ ಮುದ್ರಿಸಿದವರು ಐವರು ಬಿಳಿಯರು. ಕಪ್ಪು ಜನರ ಕಿಂಗ್ ಆಲಿವರ್ ತಂಡಕ್ಕೆ ಆ ಭಾಗ್ಯ ಬಂದದ್ದು 1923ರಲ್ಲಿ, ಇಂಡಿಯಾನದ ರೈಲುಹಳಿಯ ಪಕ್ಕದ ಒಂದು ಸ್ಟುಡಿಯೋದಲ್ಲಿ. ಮೈಕಿಲ್ಲದ ಕಾಲ, ಎಲ್ಲರೂ ಒಂದು ದೊಡ್ಡ ತುತ್ತೂರಿಯ ಬಾಯಿಗೆ ನುಡಿಸಬೇಕು. ಹುಡುಗ ಆರ್ಮ್‌ಸ್ಟ್ರಾಂಗ್‌ನ ಊದು ಗುರುವಿನದನ್ನು ನುಂಗುತ್ತಿತ್ತೆಂದು ಅವನನ್ನು ಹತ್ತಾರು ಅಡಿ ದೂರ ನಿಲ್ಲಿಸಿದರಂತೆ.

‘ಬೋಲ್ಡಣ್ಣಂದು ಒಂದ್ ರೆಕಾರ್ಡೂ ಇಲ್ವಾ?’ ಎಂದು ಮಾಸ್ಟ್ರು ನಂಜನಗೂಡು ದಾಟಿದ ಮೇಲೆ ಮತ್ತೊಮ್ಮೆ ಕೇಳಿದರು.

ಇಲ್ಲ ಎಂದೆ.

ಊರಿಗೆ ಬಂದ ಮೇಲೆ ನಾನು ಒಂದು ಕೆಲಸ ಹಿಡಿದೆ. ನಮ್ಮ ತಾಲ್ಲೂಕಿನ ಬ್ಯಾಂಡ್‌ಸೆಟ್ಟುಗಳು ನುಡಿಸಿದ್ದು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವುದು. ಆಕಾಶವಾಣಿಯವರು ನೀಲಗಾರರನ್ನು, ಕಂಸಾಳೆಯವರನ್ನು ಮುದ್ರಿಸಿದ್ದಾರೆ. ಅದು ಸರಿಯಾದ ಕೆಲಸ. ವಿಶ್ವವಿದ್ಯಾನಿಲಯದವರು ಮಾದಪ್ಪನ ಕಾವ್ಯವನ್ನು ಪುಸ್ತಕ ಮಾಡಿದ್ದಾರೆ. ಬ್ಯಾಂಡ್‌ಸೆಟ್ಟು ಜಾನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ, ಸಿನಿಮಾ ಹಾಡು ನುಡಿಸುವವರನ್ನು ಯಾರು ಹಿಡಿದಿಡುತ್ತಾರೆ? ಅರಮನೆ ಬ್ಯಾಂಡಿನ ಪರಂಪರೆಯಾದರೂ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಾಗಿ ಉಳಿದು ದಸರೆಯಲ್ಲಿ ನುಡಿಸುತ್ತದೆ. ಇವರಿಗೆ ಅದೂ ಇಲ್ಲ. ನಾಲ್ಕಾರು ಮನೆ ತಿರುಗಿದ ಮೇಲೆ ಮದುವೆಯ ವಿಡಿಯೋ ಕ್ಯಾಸೆಟ್ಟುಗಳು ಇದ್ದೇ ಇರುತ್ತವಲ್ಲ ಎಂದು ಹೊಳೆಯಿತು. ತೆರಕಣಾಂಬಿಯ ಒಬ್ಬರ ಮನೆಯಲ್ಲಿ 1990ರ ದಶಕದ ಒಂದು ಕ್ಯಾಸೆಟ್ಟು ಬೂಸಲು ಹಿಡಿಯದೆ ಉಳಿದಿತ್ತು. ಮೈಸೂರಿಗೆ ಕೊಟ್ಟು ಸಿ.ಡಿ. ಮಾಡಿಸಿದೆ.

ಮಾಸ್ಟ್ರನ್ನು ಮನೆಗೆ ಕರೆದೆ. ನನ್ನ ಹ���ಂಡತಿ ಕಾಫಿ ಕೊಟ್ಟಳು. ಟಿ.ವಿ.ಯಲ್ಲಿ ಮೆರವಣಿಗೆ ಬಂತು: ಗ್ಯಾಸ್‌ಲೈಟು, ಹೂವಿನ ಕಾರು, ಮುಂದೆ ಹದಿನಾಲ್ಕೂ ಜನ, ನಡುವೆ ಕರಿಮೀಸೆಯ ಮಾಸ್ಟ್ರು. ಆದರೆ ಸದ್ದು ಮಾತ್ರ ಅವರದಲ್ಲ. ಆ ಕಾಲದ ವಿಡಿಯೋದವರ ಪದ್ಧತಿಯಂತೆ ಮೂಲದ ಸದ್ದೆಲ್ಲ ಅಳಿಸಿ ಮೇಲೊಂದು ಸಿನಿಮಾ ಹಾಡು ಹಾಕಿದ್ದರು. ಕೆನ್ನೆಗಳು ಉಬ್ಬುತ್ತವೆ, ಡ್ರಮ್ಮಿನ ಕೋಲು ಏಳುತ್ತದೆ, ಬೀಳುತ್ತದೆ. ಕೇಳುವುದು ಯಾರೋ ಗಾಯಕಿಯ ದನಿ. ಆರು ನಿಮಿಷ ಹಾಗೇ ಇತ್ತು.

ನಾನು ರಿಮೋಟು ತೆಗೆದುಕೊಂಡು ನಿಲ್ಲಿಸಲು ಹೋದೆ. ಅವರು ಬೇಡವೆಂದು ಕೈಮಾಡಿದರು. ಸದ್ದು ತೆಗೆಯಿರಿ ಸಾಕು ಎಂದರು. ಟಿ.ವಿ.ಗೆ ಇನ್ನೂ ಹತ್ತಿರ ಹೋಗಿ, ಕನ್ನಡಕ ಮೇಲಕ್ಕೇರಿಸಿ, ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಬಾಯಲ್ಲೇ ಮೆಲ್ಲಗೆ ಒಂದು ಧಾಟಿ ಹಿಡಿದರು, ಬೆರಳು ಎದ್ದಂತೆಲ್ಲ ಸ್ವರ ಬದಲಾಯಿಸುತ್ತಾ. ಯಾವ ಹಾಡು ಎಂದು ನಾನು ಕೇಳಿದೆ.

‘ತಾಳಿ ಮೇಷ್ಟ್ರೇ, ಇನ್ನೂ ಅರ್ಧ ಅದ’ ಎಂದರು.